ಮರಳಿನೊಳಗಿನ ಒದ್ದೆ

ನಕ್ಷೆಗಳಲ್ಲಿ ಕಾಲುಹಾದಿಯನ್ನು ಚುಕ್ಕೆಗೆರೆಯಲ್ಲಿ ತೋರಿಸುತ್ತಾರೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿರುವ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನದ ನಕ್ಷೆಯನ್ನು ಹೊರಡುವ ಮುನ್ನ ಮೇಜಿನ ಮೇಲೆ ಹರಡಿ ನೋಡಿದೆವು. ಪೂರ್ವದ ಬೆಟ್ಟಗಳ ಕಡೆ ಇಂಥ ಗೆರೆಗಳು ಹಲವಿದ್ದವು. ಮೆಡಾನೊ ತೊರೆಯ ದಂಡೆಗೆ ಬರುತ್ತಿದ್ದಂತೆ ಅವೆಲ್ಲ ಮುಗಿದುಹೋಗಿದ್ದವು. ತೊರೆಯಾಚೆ ಸುಮಾರು 78 ಚದರ ಕಿಲೋಮೀಟರ್ ಮರಳು; ಅದರ ಮೇಲೆ ಒಂದು ಗೆರೆಯೂ ಇಲ್ಲ.

"ಎಲ್ಲಿಂದ ಹತ್ತಬೇಕು ಎಂದು ಬರೆದೇ ಇಲ್ಲವಲ್ಲ, ಅಕ್ಕಾ?"

"ಬರೆದರೆ ಉಳಿಯಬೇಕಲ್ಲ" ಎಂದಳು ಅವಳು. "ಹೋಗಿ ನೋಡೋಣ, ಬಾ."

ಗುಡ್ಡ ಹತ್ತುವುದು ನಮ್ಮಿಬ್ಬರಿಗೂ ಹೊಸದಲ್ಲ. ಆದರೆ ಅಲ್ಲಿಯವರೆಗೆ ನಡೆದದ್ದೆಲ್ಲ ಯಾರೋ ಸವೆಸಿದ ಹಾದಿಗಳಲ್ಲಿ. ಸವೆದ ಹಾದಿ ಎಂದರೆ ನಮಗಿಂತ ಮೊದಲು ನಡೆದವರ ಸಾವಿರಾರು ತೀರ್ಮಾನಗಳು ನೆಲದಲ್ಲಿ ಅಚ್ಚಾಗಿರುವುದು. ಬಂಡೆಯ ಎಡಕ್ಕೆ ಹೋಗಬೇಕೋ ಬಲಕ್ಕೋ, ಹಳ್ಳವನ್ನು ಎಲ್ಲಿ ದಾಟಬೇಕು ಎಂಬುದನ್ನೆಲ್ಲ ಅವರು ಎಂದೋ ನಿರ್ಧರಿಸಿ ಹೋಗಿರುತ್ತಾರೆ. ನಾವು ಮಾತಾಡುತ್ತ, ಬೇರೇನನ್ನೋ ಯೋಚಿಸುತ್ತ ಹಿಂಬಾಲಿಸುತ್ತೇವೆ. ಮರಳಿನಲ್ಲಿ ಆ ಸಹಾಯವಿಲ್ಲ. ಅದಿಲ್ಲದೆ ನಡೆಯುವುದು ಹೇಗಿರುತ್ತದೆ ಎಂದು ತಿಳಿಯಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಸೆಪ್ಟೆಂಬರ್ ಕೊನೆಯ ವಾರವನ್ನು ಆರಿಸಿಕೊಂಡಿದ್ದೆವು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿನ ಮರಳಿನ ಮೇಲ್ಮೈ 65 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಮೇಲಿಂದ ಗುಡುಗು, ಸಿಡಿಲು. ಬಯಲಿನಲ್ಲಿ ಎದ್ದುನಿಂತ ದಿಬ್ಬದ ತುದಿಯಲ್ಲಿ ನೀವೇ ಎಲ್ಲಕ್ಕಿಂತ ಎತ್ತರದ ವಸ್ತುವಾಗಿರುವಾಗ ಸಿಡಿಲಿನ ಜೊತೆ ಚೌಕಾಶಿ ನಡೆಯುವುದಿಲ್ಲ. ವಸಂತದಲ್ಲಿ ಗಾಳಿಯ ಅಬ್ಬರ. ಹೀಗಾಗಿ ಶರತ್ಕಾಲ. ದಿಬ್ಬಗಳ ನಡುವೆ ರಾತ್ರಿ ತಂಗಲು ಅನುಮತಿ ಚೀಟಿ ಬೇಕು, ಹಗಲಿನ ಪ್ರವಾಸಿಗರು ಓಡಾಡುವ ವಲಯವನ್ನು ದಾಟಿ ಹೋಗಿಯೇ ಡೇರೆ ಹಾಕಬೇಕು, ಬೆಂಕಿ ಹಚ್ಚುವಂತಿಲ್ಲ. ಒಳಗೆ ಕುಡಿಯುವ ನೀರು ಎಲ್ಲಿಯೂ ಸಿಗದು. ತಲೆಗೆ ಐದು ಲೀಟರ್‌ನಂತೆ ಹೊತ್ತೆವು. ಬೆನ್ನುಚೀಲದಲ್ಲಿ ಉಳಿದದ್ದೆಲ್ಲ ಸೇರಿದರೂ ನೀರಿನಷ್ಟು ಭಾರವಾಗಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ತೊರೆಯ ಪಾತ್ರ ದಾಟಿದೆವು. ಮೇ ಕೊನೆ, ಜೂನ್ ಮೊದಲಲ್ಲಿ ಬೆಟ್ಟದ ಹಿಮ ಕರಗಿ ಈ ತೊರೆ ತುಂಬಿ ಹರಿಯುತ್ತದೆ. ನೀರಿನಡಿ ಮರಳಿನ ಸಣ್ಣ ಏರಿಗಳು ಕಟ್ಟಿಕೊಂಡು, ಒಡೆದು, ಸಮುದ್ರದ ದಡದಲ್ಲಿ ಬಂದಂತೆ ಅಲೆಗಳು ಒಂದರ ಹಿಂದೊಂದು ಬರುತ್ತವೆ. ನಾವು ದಾಟಿದಾಗ ಅಲ್ಲಿ ಅಲೆಯೂ ಇರಲಿಲ್ಲ, ನೀರೂ ಇರಲಿಲ್ಲ. ಅಗಲವಾದ, ಚಪ್ಪಟೆಯಾದ, ಒಣಗಿದ ಪಾತ್ರ ಅಷ್ಟೇ. ಎದುರಿಗೆ ಮೊದಲ ಸಾಲಿನ ದಿಬ್ಬಗಳು. ಅವುಗಳ ಮೇಲೆ ಮಕ್ಕಳು ಹಲಗೆಗಳ ಮೇಲೆ ಕೂತು ಕಿರುಚುತ್ತ ಜಾರುತ್ತಿದ್ದರು.

ಆ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಉಸಿರು ಕಟ್ಟಿತು. ಇಲ್ಲಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ ನಿಂತ ದಿಬ್ಬಗಳಲ್ಲಿ ಅತಿ ಎತ್ತರದವು ಬುಡದಿಂದ ತುದಿಗೆ ಸುಮಾರು 225 ಮೀಟರ್. ಇಡೀ ಉತ್ತರ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಮರಳ ದಿಬ್ಬಗಳಿಲ್ಲ. ತುದಿಯಲ್ಲಿ ನಿಂತು ಆಚೆ ನೋಡಿದಾಗ ಹೆಜ್ಜೆಗುರುತುಗಳು ಒಂದೊಂದಾಗಿ ತೆಳುವಾಗಿ, ಒಂದು ತಗ್ಗಿನ ಆಚೆ ಪೂರ್ತಿ ಇಲ್ಲವಾಗಿದ್ದವು. ಮುಂದೆ ದಿಬ್ಬದ ನೆತ್ತಿಯ ಚೂಪು ಅಂಚು, ಏಣು; ಏಣಿನ ಹಿಂದೆ ಇನ್ನೊಂದು ಏಣು. 1807ರ ಜನವರಿಯಲ್ಲಿ ಈ ಕಡೆ ಬಂದ ಜೆಬ್ಯುಲನ್ ಪೈಕ್ ಎಂಬ ಸೇನಾಧಿಕಾರಿ, ಬಣ್ಣವೊಂದನ್ನು ಬಿಟ್ಟರೆ ಇದು ಬಿರುಗಾಳಿಗೆ ಸಿಕ್ಕ ಕಡಲಿನಂತೆಯೇ ಇದೆ ಎಂದು ತನ್ನ ದಿನಚರಿಯಲ್ಲಿ ಬರೆದ. ನನಗೆ ಅದಕ್ಕಿಂತ ಇಷ್ಟವಾದದ್ದು ಇಲ್ಲಿನ ಮೂಲನಿವಾಸಿಗಳು ಇಟ್ಟ ಹೆಸರುಗಳು. ಯೂಟ್ ಜನರ ಮಾತಿನಲ್ಲಿ ಇದು 'ಚಲಿಸುವ ಮರಳು'. ಹಿಕರಿಯಾ ಅಪಾಚೆಗಳ ಮಾತಿನಲ್ಲಿ 'ಏರುತ್ತ ಇಳಿಯುತ್ತ ಹೋಗುವುದು'. ಪೈಕ್ ನೋಡಿದ್ದನ್ನು ಬರೆದ. ಅವರು ನಡೆದದ್ದನ್ನು ಹೆಸರಾಗಿಸಿದ್ದರು.

ಈ ಮರಳು ಇಲ್ಲಿಗೆ ಬಂದ ಬಗೆಯನ್ನು ಹೇಳದೆ ನಡಿಗೆಯ ಕಷ್ಟವನ್ನು ವಿವರಿಸಲಾಗದು. ಇದರ ಹೆಚ್ಚಿನ ಪಾಲು ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಸ್ಯಾನ್ ವಾನ್ ಬೆಟ್ಟಗಳದ್ದು. ಒಂದು ಕಾಲಕ್ಕೆ ಬೆಂಕಿ ಉಗುಳಿದ ಬೆಟ್ಟಗಳವು. ಹೊಳೆಗಳು ಅವನ್ನು ಸವೆಸಿ ಕಣಿವೆಯ ಕೆರೆಗಳಿಗೆ ತಂದು ತುಂಬಿದವು. ಕೆರೆಗಳು ಬತ್ತಿದ ಮೇಲೆ ನೈಋತ್ಯದ ಗಾಳಿ ಆ ಮರಳನ್ನು ಎತ್ತಿ ತಂದು ಪೂರ್ವದ ಸಾಂಗ್ರೆ ದೆ ಕ್ರಿಸ್ತೊ ಬೆಟ್ಟಸಾಲಿನ ಮೂಲೆಗೆ ಒಡ್ಡಿತು. ಬಿರುಗಾಳಿಯ ದಿನಗಳಲ್ಲಿ ಬೆಟ್ಟದ ಕಣಿವೆಗಳಿಂದ ಈಶಾನ್ಯದ ಗಾಳಿ ಇಳಿದುಬಂದು ಅದೇ ಮರಳನ್ನು ಹಿಂದಕ್ಕೆ ತಳ್ಳುತ್ತದೆ. ಎರಡು ಕಡೆಯಿಂದಲೂ ತಳ್ಳಿಸಿಕೊಂಡ ಮರಳಿಗೆ ಹೋಗಲು ಉಳಿಯುವ ದಿಕ್ಕು ಒಂದೇ: ಮೇಲಕ್ಕೆ.

ಗಾಳಿ ಬಂದು ಬಡಿಯುವ ಬದಿಯಲ್ಲಿ ಕಣಗಳು ಒಂದಕ್ಕೊಂದು ಒತ್ತಿಕೊಂಡು ನೆಲ ಬಿಗಿಯಾಗಿರುತ್ತದೆ, ಇಳಿಜಾರೂ ಹಗುರ. ತುದಿ ದಾಟಿ ಗಾಳಿಮರೆಯ ಬದಿಗೆ ಬಿದ್ದ ಕಣಗಳು ಮಾತ್ರ ಸುಮ್ಮನೆ ಸುರಿದುಕೊಂಡಿರುತ್ತವೆ. ಒಣಮರಳು ಜಾರದೆ ನಿಲ್ಲಬಲ್ಲ ಕಡಿದು ಎಂದರೆ ಸುಮಾರು 34 ಡಿಗ್ರಿ. ಆ ಬದಿ ಯಾವಾಗಲೂ ಆ ಅಂಚಿನಲ್ಲೇ ಇರುತ್ತದೆ. ಅದರ ಮೇಲೆ ಪಾದ ಇಟ್ಟರೆ ಅದಕ್ಕೆ ಕಾಯುತ್ತಿದ್ದ ನೆಪ ಸಿಕ್ಕಂತೆ.

ಇದನ್ನೆಲ್ಲ ನಾನು ಓದಿಕೊಂಡೇ ಹೋಗಿದ್ದೆ. ಆದರೂ ತಪ್ಪು ಮಾಡಿದೆ.

ಹೊರಡುವ ಮುಂಚೆಯೇ ನಕ್ಷೆಯಲ್ಲಿ ಒಂದು ತಗ್ಗನ್ನು ಗುರುತಿಸಿ, ಡೇರೆ ಅಲ್ಲಿಯೇ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಸಂಜೆ ಐದೂವರೆಗೆ ಮೊಬೈಲ್ ತೆಗೆದು ನೋಡಿದರೆ ಅದು ನಾವಿದ್ದಲ್ಲಿಂದ ಪಶ್ಚಿಮಕ್ಕೆ ಒಂದು ಕಿಲೋಮೀಟರಿಗೂ ಕಡಿಮೆ. ಏಣುಗಳೋ ವಾಯವ್ಯಕ್ಕೆ ಓಡುತ್ತಿದ್ದವು. ಏಣು ಹಿಡಿದು ಸುತ್ತಿ ಬರುವುದಾದರೆ ದಾರಿ ಹೆಚ್ಚುಕಡಿಮೆ ಎರಡರಷ್ಟು. ನಡುವೆ ಮೂರು ತಗ್ಗು, ಮೂರು ಏರು. ನೇರ ಹೋದರಾಯಿತು ಎಂದೆ.

"ಏಣು ಬಿಡಬೇಡ" ಎಂದಳು ಅಕ್ಕ. "ನನಗೆ ಈ ಇಳಿತ ಸರಿ ಕಾಣುತ್ತಿಲ್ಲ."

"ನೀನು ಏಣಿನ ಮೇಲೇ ಬಾ, ನಾನು ಇಳಿದು ಹೋಗಿ ಜಾಗ ನೋಡುತ್ತಿರುತ್ತೇನೆ" ಎಂದೆ. ಜೊತೆ ಬಂದವರು ಹಾಗೆ ಬೇರೆಯಾಗಬಾರದು. ಅದನ್ನು ಅವಳೂ ಬಲ್ಲಳು, ನಾನೂ ಬಲ್ಲೆ. ಅವಳು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರುವುದಾಗಿ ಹೇಳಿ ಸುಮ್ಮನಾದಳು.

ಇಳಿತ ಸೊಗಸಾಗಿತ್ತು. ಒಂದೊಂದು ಹೆಜ್ಜೆಗೂ ಮರಳು ಮೊಣಕಾಲವರೆಗೆ ಬಂದು ಹಿಡಿದು, ನನ್ನನ್ನು ಹೊತ್ತುಕೊಂಡೇ ಕೆಳಗೆ ಸರಿಯುತ್ತಿತ್ತು. ಅರ್ಧ ಇಳಿದಾಗ ದನಿಯೊಂದು ಕೇಳಿತು. ಕಿವಿಗಿಂತ ಮೊದಲು ಅಂಗಾಲಿಗೆ ತಾಕಿದ, ತಂಬೂರಿಯ ಮಂದ್ರದ ತಂತಿಯಂಥ ಗುಂಯ್ಗುಡುವಿಕೆ. ಜಾರುವ ಒಣಮರಳು ಹೀಗೆ ಮೊರೆಯುವುದುಂಟು. ನಿಂತೆ, ದನಿಯೂ ನಿಂತಿತು. ಮತ್ತೆ ಕಾಲು ಎಳೆದೆ, ಮತ್ತೆ ಬಂತು. ಆ ಸಂತೋಷದಲ್ಲಿ ತಗ್ಗಿನ ತಳ ಮುಟ್ಟಿದ್ದೇ ಗೊತ್ತಾಗಲಿಲ್ಲ.

ತಳದಲ್ಲಿ ನಿಂತು ತಲೆಯೆತ್ತಿದಾಗ ಬೆಟ್ಟ ಇರಲಿಲ್ಲ. ಮಧ್ಯಾಹ್ನದಿಂದ ಪೂರ್ವಕ್ಕೆ ಗೋಡೆಯಂತೆ ನಿಂತು ದಿಕ್ಕು ತೋರುತ್ತಿದ್ದ ಸಾಂಗ್ರೆ ದೆ ಕ್ರಿಸ್ತೊ ಸಾಲು, ದಕ್ಷಿಣದ ಬ್ಲಾಂಕಾ ಶಿಖರ, ಎಲ್ಲ ಮರೆಯಾಗಿ ಸುತ್ತ ಬಟ್ಟಲಿನ ಅಂಚಿನಂತೆ ಮರಳು, ಮೇಲೆ ಆಕಾಶ. ಮೊದಲ ಏರು ಹೇಗೋ ಹತ್ತಿದೆ. ಎರಡನೆಯದರಲ್ಲಿ ಸಿಕ್ಕಿಬಿದ್ದೆ. ಪಶ್ಚಿಮಕ್ಕೆ ಹೊರಟವನಿಗೆ ಎದುರಾಗುವುದೆಲ್ಲ ಗಾಳಿಮರೆಯ ಬದಿಗಳೇ ಎಂಬುದು ಮೀನಖಂಡಗಳು ಸೆಟೆದ ಮೇಲೆ ತಿಳಿಯಿತು. ಒಂದು ಗೇಣು ಏರಿದರೆ ಮುಕ್ಕಾಲು ಗೇಣು ಜಾರುತ್ತೇನೆ. ಕೈ ಊರಿ ಏರುತ್ತೇನೆ, ಮೇಲಿನ ಮರಳು ಸುರಿದು ಮೊಣಕೈ ಮುಚ್ಚುತ್ತದೆ. ಇಪ್ಪತ್ತು ಹೆಜ್ಜೆ ಎಣಿಸಿ ಹಿಂದಿರುಗಿ ನೋಡಿದರೆ ಐದು ಹೆಜ್ಜೆಯಷ್ಟೂ ಮೇಲೆ ಬಂದಿಲ್ಲ. ಬೆಳಕು ಬಂಗಾರದಿಂದ ತಾಮ್ರಕ್ಕೆ ತಿರುಗಿತ್ತು. ಮೊಬೈಲ್‌ನ ನೀಲಿ ಚುಕ್ಕೆ ನಾನು ಎಲ್ಲಿದ್ದೇನೆ ಎಂಬುದನ್ನು ತಪ್ಪಿಲ್ಲದೆ ಹೇಳುತ್ತಿತ್ತು. ಕಾಲು ಎಲ್ಲಿ ಇಡಬೇಕು ಎಂಬುದನ್ನು ಹೇಳಲು ಅದಕ್ಕೆ ಬರುತ್ತಿರಲಿಲ್ಲ.

ಹೆದರಿಕೆಯಾಯಿತು. ಕಾಲು ಮುರಿದಿಲ್ಲ, ನೀರಿದೆ, ಬಟ್ಟೆಯಿದೆ, ಆದರೂ. ಕೂಗಿದೆ, ದನಿ ಬಟ್ಟಲಿನಲ್ಲೇ ಉಳಿಯಿತು. ಆಗ ಬಲಕ್ಕೆ, ಎತ್ತರದಲ್ಲಿ, ಒಂದು ದೀಪ ಹೊತ್ತಿಕೊಂಡಿತು. ಇನ್ನೂ ಕತ್ತಲಾಗಿರದಿದ್ದರೂ ಅಕ್ಕ ಹಣೆದೀಪ ಹಚ್ಚಿ ಏಣಿನ ಮೇಲೆ ನಿಂತಿದ್ದಳು. ಅವಳು ಕೈಯನ್ನು ಅಡ್ಡಡ್ಡ ಬೀಸುತ್ತಿದ್ದಳು. ಮೇಲಕ್ಕಲ್ಲ, ಅಡ್ಡಕ್ಕೆ ನಡೆ ಎಂದು. ಆ ಇಳಿಜಾರನ್ನು ಗೆಲ್ಲುವ ಹಟ ಬಿಟ್ಟು, ಅದರ ಬುಡ ಹಿಡಿದು ಅವಳತ್ತ ಅಡ್ಡಲಾಗಿ ನಡೆದೆ. ಏಣು ಬಾಗಿ ತಗ್ಗಿಗೆ ಇಳಿಯುವ ಕಡೆ ಒಂದು ಮೂಲೆಯಿತ್ತು. ಅಲ್ಲಿ ಪಾದ ಇಟ್ಟಾಗ ಅದು ಇಟ್ಟಲ್ಲೇ ನಿಂತಿತು. ಎಷ್ಟೋ ಹೊತ್ತಿನ ಮೇಲೆ ನೆಲವೊಂದು ನನ್ನ ಭಾರವನ್ನು ಒಪ್ಪಿಕೊಂಡ ಆ ಕ್ಷಣ ಈಗಲೂ ಅಂಗಾಲಿನಲ್ಲಿದೆ.

ಅಕ್ಕ ನೀರಿನ ಬಾಟಲಿ ಕೊಟ್ಟಳು. "ಜಾಗ ಇಲ್ಲೇ ಕೆಳಗಿದೆ, ನೋಡಿಟ್ಟಿದ್ದೇನೆ" ಎಂದಳು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ನಾನು ಗುರುತಿಸಿದ್ದ ತಗ್ಗಿಗೆ ಆ ದಿನ ನಾವು ಹೋಗಲೇ ಇಲ್ಲ.

ಮರಳಿನಲ್ಲಿ ಡೇರೆಯ ಗೂಟ ನಿಲ್ಲುವುದಿಲ್ಲ. ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಾಳದಲ್ಲಿ ಹೂತು ಬಿಗಿದೆವು. ಅಮಾವಾಸ್ಯೆ ಹತ್ತಿರವಿದ್ದುದರಿಂದ ಆಕಾಶದ ತುಂಬ ನಕ್ಷತ್ರ. ಊಟ ಮುಗಿಸಿ ಮಲಗಿ ಒಂದು ನಿದ್ದೆ ಆಗಿರಬೇಕು, ಗಾಳಿ ತಿರುಗಿತು. ಬೆಟ್ಟದ ಕಡೆಯಿಂದ, ತಣ್ಣಗೆ. ಡೇರೆಯ ಬಟ್ಟೆಗೆ ಮರಳು ಬಡಿಯುವ ಸದ್ದು, ಮೊರದಲ್ಲಿ ಅಕ್ಕಿ ಕೇರುವಂತೆ. ವಿಚಿತ್ರವೆಂದರೆ ಆ ಸದ್ದೆಲ್ಲ ಡೇರೆಯ ಬುಡದಲ್ಲಿ. ಕೈಯಿಟ್ಟು ನೋಡಿದೆ, ಮೇಲ್ಭಾಗದ ಬಟ್ಟೆಗೆ ಗಾಳಿ ಮಾತ್ರ ಬಡಿಯುತ್ತಿತ್ತು. ಲಿಬಿಯಾದ ಮರುಭೂಮಿಯನ್ನು ಮೋಟಾರು ಗಾಡಿಗಳಲ್ಲಿ ಸುತ್ತಿದ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ 1930ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಧೂಳು ಹಾರುತ್ತದೆ, ಮರಳು ಕುಪ್ಪಳಿಸುತ್ತದೆ. ಗಾಳಿಗೆ ನೆಗೆದ ಕಣ ನೆಲಕ್ಕೆ ಬಿದ್ದು, ಬಿದ್ದ ಏಟಿಗೆ ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಇಡೀ ದಿಬ್ಬ ಸರಿಯುವುದು ಹೀಗೆ, ಕಣಕ್ಕೆ ಕಣ ತಟ್ಟಿ ಎಬ್ಬಿಸುತ್ತ. ಕತ್ತಲಲ್ಲಿ ಮಲಗಿ, ಕಿವಿಯ ಪಕ್ಕದಲ್ಲೇ ಆ ಕೆಲಸ ನಡೆಯುವುದನ್ನು ಕೇಳುತ್ತ ಬೆಳಗಿನ ಜಾವದವರೆಗೆ ಎಚ್ಚರವಾಗಿದ್ದೆ.

ಬೆಳಗ್ಗೆ ಎದ್ದಾಗ ಗಾಳಿ ಸತ್ತಿತ್ತು. ಏಣಿನ ತಲೆ ಮಗ್ಗುಲು ಬದಲಿಸಿತ್ತು. ನಿನ್ನೆ ಈಶಾನ್ಯಕ್ಕೆ ಕಡಿದಾಗಿದ್ದ ಅದರ ತುದಿ ಇಂದು ನೈಋತ್ಯಕ್ಕೆ ಕಡಿದು. ನಿನ್ನೆ ನನ್ನ ಪಾದವನ್ನು ಒಪ್ಪಿಕೊಂಡ ಜಾಗದಲ್ಲಿ ಇಂದು ಸಡಿಲ ಮರಳು ಸುರಿದುಕೊಂಡಿತ್ತು. ಬದಲಾದದ್ದು ಮೇಲಿನ ಒಂದೆರಡು ಮೊಳ ಮಾತ್ರ. ಅದರ ಕೆಳಗಿನ ದಿಬ್ಬದ ಮೈ ಹೇಗಿತ್ತೋ ಹಾಗೆಯೇ ಇತ್ತು.

ಡೇರೆಯ ಸುತ್ತ ರಾತ್ರಿಯ ಲೆಕ್ಕವೆಲ್ಲ ಬರೆದಿತ್ತು. ಜೋಡಿ ಚುಕ್ಕೆ, ನಡುವೆ ಬಾಲ ಎಳೆದ ಗೀಟು: ಕಾಂಗರೂ ಇಲಿ. ಈ ಪ್ರಾಣಿ ಬದುಕಿಡೀ ನೀರು ಕುಡಿಯದೆ ಇರಬಲ್ಲದು. ತಿಂದ ಬೀಜವನ್ನು ಅರಗಿಸುವಾಗ ಮೈಯೊಳಗೇ ಹುಟ್ಟುವ ನೀರು ಅದಕ್ಕೆ ಸಾಕು. ಅದರ ಗುರುತಿಗೆ ಅಡ್ಡವಾಗಿ ಹೊಲಿಗೆ ಹಾಕಿದಂತೆ ಸಣ್ಣ ಸಾಲೊಂದು ಹೋಗಿತ್ತು. ಬಿಸಿಲೇರಿದ ಮೇಲೆ ಆ ಸಾಲಿನ ಒಡೆಯನೂ ಕಂಡ. ಉಗುರಿನಷ್ಟು ಗಾತ್ರದ ಜೀರುಂಡೆ. ತಲೆ ಹಸಿರು ಕಂಚಿನ ಬಣ್ಣ, ಬೆನ್ನ ಮೇಲೆ ಪಿಟೀಲಿನ ಆಕಾರದ ಕಂದು ಗುರುತು. ಹೊಟ್ಟೆ ಮರಳಿಗೆ ತಾಕದಂತೆ ಉದ್ದ ಕಾಲುಗಳ ಮೇಲೆ ಮೈಯನ್ನು ಎತ್ತಿ ಹಿಡಿದು ಓಡುತ್ತಿತ್ತು, ಥಟ್ಟನೆ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಈ ಹುಲಿ ಜೀರುಂಡೆ ಇರುವುದು ಈ ಮರಳುನಾಡಿನಲ್ಲಿ ಮಾತ್ರ. ಅದು ನನ್ನ ಬೂಟಿನ ಮುಂದೆ ನಿಂತು, ಬೂಟನ್ನು ಒಂದು ದಿಬ್ಬವೆಂದು ತಿಳಿದಂತೆ ಸುತ್ತು ಹಾಕಿ ಹೋಯಿತು. ಅಕ್ಕ ತನ್ನ ಚೀಲದ ಅಯಸ್ಕಾಂತದ ಗುಂಡಿಯನ್ನು ಮರಳಿನ ಕಪ್ಪು ಪಟ್ಟೆಯೊಂದರ ಮೇಲೆ ಆಡಿಸಿದಳು. ಗುಂಡಿಯ ತುಂಬ ಕರಿಯ ಕಣಗಳು ರೋಮದಂತೆ ನಿಮಿರಿ ನಿಂತವು. ಮ್ಯಾಗ್ನಟೈಟ್, ಕಬ್ಬಿಣದ ಅದಿರು. ಹಗುರ ಕಣಗಳನ್ನು ಗಾಳಿ ಒಯ್ದಾಗ ಭಾರದವು ಹಿಂದುಳಿದು ಪಟ್ಟೆಯಾಗುತ್ತವೆ.

ಹೂತಿಟ್ಟ ಚೀಲಗಳನ್ನು ಅಗೆದು ತೆಗೆಯುವಾಗ ಬೆರಳಿಗೆ ತಂಪು ತಾಕಿತು. ಮೇಲಿನ ಅಂಗೈದಪ್ಪದ ಮರಳು ಒಣಗಿ ಪುಡಿಯಾಗಿತ್ತು. ಅದರ ಕೆಳಗೆ ಒದ್ದೆ. ಹಿಡಿ ತುಂಬಿ ಒತ್ತಿದರೆ ಉಂಡೆಯಾಗಿ ನಿಲ್ಲುವಷ್ಟು ಒದ್ದೆ, ನಾಲ್ಕು ಬೆರಳುಗಳ ಅಚ್ಚು ಮೂಡುವಷ್ಟು. ಆ ದಿಬ್ಬದಲ್ಲಿ ಎಲ್ಲಿ ಕೆದಕಿದರೂ ಹಾಗೆಯೇ ಇತ್ತು. ಬಿದ್ದ ಮಳೆ, ಹಿಮ ಮರಳೊಳಗೆ ಇಂಗಿಹೋಗುತ್ತದೆ. ಮೇಲಿನ ಒಣಪದರ ಮುಚ್ಚಳದಂತೆ ಕೂತು ಅದನ್ನು ಆವಿಯಾಗಲು ಬಿಡುವುದಿಲ್ಲ. ರಾತ್ರಿಯ ಗಾಳಿ ಏಣಿನ ತಲೆಯನ್ನಷ್ಟೇ ತಿರುಗಿಸಿ ಮೈಯನ್ನು ಅಲುಗಿಸಲಾಗದೆ ಹೋದದ್ದು ಇದರಿಂದ. ಒದ್ದೆ ಕಣ ನೆಗೆಯುವುದಿಲ್ಲ. ನಿನ್ನೆಯಿಡೀ ನಾನು ಗಟ್ಟಿ ನೆಲವನ್ನು ಹುಡುಕಿದೆ. ಇದನ್ನು ಗಟ್ಟಿಯಾಗಿ ಹಿಡಿದಿಟ್ಟದ್ದು ನೀರು. ಒಣಗಿದ್ದನ್ನು ನೋಡಲೆಂದು ಬಂದವನು ಆ ಉಂಡೆಯನ್ನು ಅಂಗೈಯಲ್ಲಿ ಹಿಡಿದು ಕೂತುಬಿಟ್ಟೆ. ಬಿಸಿಲು ತಾಕಿ ಅದರ ಅಂಚು ಬಿಳಿಚಿ, ಒಂದೊಂದೇ ಕಣ ಉದುರಲು ಶುರುವಾಯಿತು.

ಈ ಮರಳು ಇಲ್ಲಿ ಉಳಿದಿರುವ ಕತೆಯಲ್ಲೂ ನೀರೇ ಇದೆ. ಚಿನ್ನ ತೆಗೆಯಲು, ಕಾಂಕ್ರೀಟಿಗೆ ಬಳಸಲು ಈ ದಿಬ್ಬಗಳ ಮೇಲೆ ಕಣ್ಣು ಬಿದ್ದಾಗ ಕಣಿವೆಯ ಮಹಿಳೆಯರು ಸಂಘಟಿತರಾಗಿ ಒತ್ತಾಯಿಸಿದರು. 1932ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. 1976ರಲ್ಲಿ ಹೆಚ್ಚಿನ ಭಾಗವನ್ನು ರಸ್ತೆ, ವಾಹನಗಳು ಬರಬಾರದ ವನ್ಯಪ್ರದೇಶವೆಂದು ಘೋಷಿಸಿದರು. ಮರಳಿಗೆ ಅದಕ್ಕಿಂತ ಇನ್ನೇನು ರಕ್ಷಣೆ ಬೇಕು ಎನಿಸಬಹುದು. ಆದರೆ 1980ರ ದಶಕದಲ್ಲಿ ಈ ಕಣಿವೆಯ ಅಂತರ್ಜಲವನ್ನು ಎತ್ತಿ ದೂರದ ನಗರಗಳಿಗೆ ಮಾರುವ ಯೋಜನೆಯೊಂದು ಬಂತು. ರೈತರು, ಊರಿನವರು, ಪರಿಸರದ ಕಾಳಜಿಯವರು ಒಟ್ಟಾಗಿ ಎದ್ದುನಿಂತರು. ನೀರು ಹೋದರೆ ತೊರೆಗಳು ಹೋಗುತ್ತವೆ. ದಿಬ್ಬಗಳ ಅಂಚಿನಿಂದ ಮರಳನ್ನು ಕೊಚ್ಚಿ ತಂದು ಮತ್ತೆ ಗಾಳಿಯ ಕೈಗೆ ಕೊಡುವುದು ಈ ತೊರೆಗಳೇ. 2000ದ ಕಾಯ್ದೆಯ ಮೂಲಕ ಸುತ್ತಲಿನ ದೊಡ್ಡ ಜಮೀನು, ಬೆಟ್ಟದ ಮೇಲಿನ ತೊರೆಗಳ ಉಗಮ ಎಲ್ಲವನ್ನೂ ಸೇರಿಸಿಕೊಳ್ಳುವ ಹಾದಿ ತೆರೆಯಿತು. 2004ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಮರಳನ್ನು ಉಳಿಸಲು ನೀರನ್ನು ಉಳಿಸಬೇಕು ಎಂಬುದನ್ನು ಕಂಡುಕೊಂಡ ಆ ಜನರ ಬಗ್ಗೆ ನನಗೆ ತುಂಬು ಗೌರವವಿದೆ. ಅಂಗೈಯಲ್ಲಿ ಉಂಡೆ ಹಿಡಿದು ಕೂತ ಮೇಲೆ ಆ ಗೌರವ ಕಾಗದದ ಮೇಲಿನದಾಗಿ ಉಳಿಯಲಿಲ್ಲ.

ಮರಳುವ ದಾರಿಯಲ್ಲಿ ನಾನು ಮುಂದೆ, ಅಕ್ಕ ಹಿಂದೆ. ಈ ಸಲ ಮೊಬೈಲ್ ತೆಗೆಯಲಿಲ್ಲ. ಪೂರ್ವದ ಬೆಟ್ಟಸಾಲಿನಲ್ಲಿ ಒಂದು ಬೋಳು ತುದಿಯನ್ನು ಗುರುತಿಟ್ಟುಕೊಂಡು, ಏಣು ಎತ್ತ ಬಾಗಿದರೆ ಅತ್ತ ಬಾಗುತ್ತ ನಡೆದೆ. ಕಾಲಿಗೆ ತಿಳಿಯತೊಡಗಿತ್ತು. ಸಣ್ಣ ಅಲೆಗಳ ಗೆರೆ ಮೂಡಿರುವ ಕಡೆ ನೆಲ ತಡೆಯುತ್ತದೆ. ಗೆರೆಯಿಲ್ಲದೆ ನುಣ್ಣಗೆ ಹೊಳೆಯುವ ಕಡೆ ಕಾಲು ಹುಗಿಯುತ್ತದೆ. ರಾತ್ರಿಯ ಗಾಳಿ ಹೊಸದಾಗಿ ಒಟ್ಟಿದ ತುದಿಯನ್ನು ಬಿಟ್ಟು, ಒಂದೆರಡು ಮಾರು ಕೆಳಗೆ ಇಳಿದು ಅಡ್ಡ ನಡೆದರೆ ಹಗುರ. ಹತ್ತು ಹೆಜ್ಜೆಗೊಮ್ಮೆ ಒಂದು ತೀರ್ಮಾನ. ಬೇರೆ ಯೋಚನೆಗೆ ಬಿಡುವಿರಲಿಲ್ಲ, ಬಿಡುವು ಬೇಕೆಂದೂ ಅನಿಸಲಿಲ್ಲ. ಎರಡು ಕಡೆ ತಪ್ಪಿದೆ. ಎರಡು ಕಡೆಯೂ ಅಕ್ಕ ನನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಡದೆ ಪಕ್ಕಕ್ಕೆ ಸರಿದು ನಡೆದದ್ದು ಕಂಡು ತಪ್ಪು ಗೊತ್ತಾಯಿತು.

ಹತ್ತು ಗಂಟೆಗೆ ಕೊನೆಯ ಇಳಿಜಾರು ಮುಗಿಸಿ ಮೆಡಾನೊ ತೊರೆಯ ಪಾತ್ರಕ್ಕೆ ಬಂದೆವು. ಬೂಟು ಕಳಚಿ ಕೊಡವಿದಾಗ ಒಂದೊಂದರಿಂದಲೂ ಲೋಟದಷ್ಟು ಮರಳು ಬಿತ್ತು. ಕುಡಿಯುವ ನೀರು ಇನ್ನೂ ಅರ್ಧ ಲೀಟರ್ ಉಳಿದಿತ್ತು. ಅಕ್ಕ ಪಾತ್ರದ ನಡುವೆ, ತಗ್ಗಾದ ಕಡೆ, ಮೊಣಕಾಲೂರಿ ಕೂತಳು.

"ಏನು ಮಾಡುತ್ತಿದ್ದೀಯಾ?"

"ಒರತೆ ತೋಡುತ್ತಿದ್ದೇನೆ. ಬಾ, ಈ ಕಡೆಯಿಂದ ನೀನು ಎಳೆ."

ಇಬ್ಬರೂ ಎದುರುಬದುರು ಕೂತು ಕೈಗಳಿಂದ ಮರಳನ್ನು ಎಳೆದು ಹಾಕಿದೆವು. ಮೊದಲು ಬಿಳಿಯ ಪುಡಿ. ಆಮೇಲೆ ಕಂದು. ಮೊಳಕೈವರೆಗೆ ಇಳಿದಾಗ ಮರಳು ಕಪ್ಪಾಗಿ, ಗುಂಡಿಯ ಗೋಡೆ ಕುಸಿಯುವುದನ್ನು ನಿಲ್ಲಿಸಿತು. ತಳದಲ್ಲಿ ಏನೋ ಮಿನುಗಿತು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡು, ನನ್ನ ಕೈಯನ್ನೂ ತಡೆದಳು. ಕಲಕಿದ ಕಣಗಳು ನಿಧಾನಕ್ಕೆ ಕೆಳಗೆ ಕೂತವು. ಸುತ್ತಲಿಂದಲೂ ಒಸರಿ ಒಸರಿ ನೀರು ಬೊಗಸೆಯಷ್ಟಾಯಿತು, ತಿಳಿಯಾಯಿತು. ಅದರಲ್ಲಿ ಆಕಾಶದ ಒಂದು ತುಂಡು, ಅದರ ಅಂಚಿನಲ್ಲಿ ಅವಳ ಹಣೆ. ತುಂಬುವುದು ನಿಲ್ಲುವವರೆಗೂ ನಾವು ಅಲ್ಲಿಂದ ಏಳಲಿಲ್ಲ.